ಚಮಚ ಅಕ್ಕಿಯಲ್ಲಿ ನಡೆದ ಸ್ವಾತಂತ್ರ್ಯ ಹೋರಾಟ: ಕೊರಿಯಾದ ಸ್ವಂತ ಧರ್ಮಗಳ ಕಥೆ

ಕೊರಿಯಾದ ಸ್ವಾತಂತ್ರ್ಯ ಹೋರಾಟ ಅಂದ್ರೆ ಚರ್ಚುಗಳ ಮಾತೇ ಮೊದ್ಲು ಬರುತ್ತೆ. ಆದ್ರೆ ಜಪಾನ್ ಆಳ್ವಿಕೆಯಿಂದ ಸ್ವಾತಂತ್ರ್ಯ ಸಾರಿದ 1919ರ ಮಾರ್ಚ್ 1ರ ಘೋಷಣೆಗೆ ಸಹಿ ಹಾಕಿದ 33 ಜನರಲ್ಲಿ 16 ಪ್ರೊಟೆಸ್ಟೆಂಟರು, 2 ಬೌದ್ಧರು, ಉಳಿದ 15 ಜನ ಚೊಂಡೋಗ್ಯೋ ಅನ್ನೋ ಅಲ್ಲೇ ಹುಟ್ಟಿದ ಧರ್ಮದವರು.

ಈ ಧರ್ಮದ ಬೇರು 1860ರಲ್ಲಿ ಚ್ವೆ ಜೆ-ಉ ಶುರುಮಾಡಿದ ಡೊಂಗ್‌ಹಾಕ್ ಅನ್ನೋ ಪಂಥ. ಎಲ್ಲರೊಳಗೂ ದೇವರಿದ್ದಾನೆ ಅಂತ ಸಾರಿದ ಅವರನ್ನ 1864ರಲ್ಲಿ ಕೊಂದಿದ್ದು ಜಪಾನಿಗಳಲ್ಲ, ಕೊರಿಯಾದ್ದೇ ಸರ್ಕಾರ. 1894ರಲ್ಲಿ ತೆರಿಗೆ, ಅಧಿಕಾರಿಗಳ ಸುಲಿಗೆಗೆ ರೋಸಿ ಡೊಂಗ್‌ಹಾಕ್ ರೈತರು ದಂಗೆ ಎದ್ದರು, ಜಪಾನಿ ಸೈನ್ಯದ ಬಂದೂಕಿನ ಮುಂದೆ ಉಗುಮ್‌ಚಿ ಅನ್ನೋ ಜಾಗದಲ್ಲಿ ಸೋತರು. ಆಮೇಲೆ ಒಳಗಿನ ಒಂದು ಗುಂಪು ಜಪಾನ್ ಕಡೆ ವಾಲಿತು, ಅದರಿಂದ ದೂರ ಸರಿಯೋಕೆ ಪಂಥದ ಮುಖಂಡ ಸೊನ್ ಬ್ಯೊಂಗ್-ಹಿ 1905ರಲ್ಲಿ ಹೆಸರನ್ನೇ ಚೊಂಡೋಗ್ಯೋ ಅಂತ ಬದಲಾಯಿಸಿದ್ರು.

1910ರಲ್ಲಿ ದೇಶವೇ ಜಪಾನ್ ಪಾಲಾದ ಮೇಲೆ ಪಕ್ಷ, ಪತ್ರಿಕೆ ಎಲ್ಲಾ ಬಂದ್. ಊರೂರಿಗೆ ಹಬ್ಬಿದ ಜಾಲ ಅಂತ ಉಳಿದಿದ್ದು ಹೆಚ್ಚುಕಮ್ಮಿ ಧರ್ಮಗಳದ್ದೇ. ಚೊಂಡೋಗ್ಯೋ ಮನೆಗಳಲ್ಲಿ ಅಡುಗೆಗೆ ಮೊದ್ಲು ತಲೆಗೊಂದು ಚಮಚ ಅಕ್ಕಿ ತೆಗೆದಿಡೋ ಪದ್ಧತಿ ಇತ್ತು, ನೋಡೋಕೆ ಪುಟ್ಟ ವಿಷಯ, ಆದ್ರೆ ಲಕ್ಷಗಟ್ಟಲೆ ಮನೆ ಸೇರಿದಾಗ ಸಂಘಟನೆಗೆ ಆಗೋಷ್ಟು ದುಡ್ಡು. ಸಿಯೋಲ್‌ನಲ್ಲಿ ದೊಡ್ಡ ಪ್ರಾರ್ಥನಾ ಮಂದಿರ ಕಟ್ತೀವಿ ಅಂತ ಎತ್ತಿದ ಹಣದಲ್ಲೂ ಒಂದು ಪಾಲು ಚಳವಳಿಗೆ ಹೋಯ್ತು. ಕೈ ಖಾಲಿ ಇದ್ದ ಪ್ರೊಟೆಸ್ಟೆಂಟರಿಗೆ ಚೊಂಡೋಗ್ಯೋದವರೇ 5,000 ವೊನ್ ಕೊಟ್ಟರು. ಘೋಷಣೆಯ ಸುಮಾರು 21,000 ಪ್ರತಿ ಅಚ್ಚಾಗಿದ್ದೂ ಅವರದ್ದೇ ಪ್ರೆಸ್ಸಿನಲ್ಲಿ. ಬೆಲೆ ಸಣ್ಣದಲ್ಲ, ಜೈಲಲ್ಲಿ ಆರೋಗ್ಯ ಕೆಟ್ಟ ಸೊನ್ 1922ರಲ್ಲಿ ತೀರಿಕೊಂಡ್ರು.

ಇನ್ನೊಂದು ಕಡೆ 1909ರಲ್ಲಿ ನಾ ಚೊಲ್ ಶುರುಮಾಡಿದ ಡೇಜೊಂಗ್‌ಗ್ಯೋ. ಕೊರಿಯನ್ನರ ಮೂಲಪುರುಷ ಡಾಂಗುನ್‌ನ ಆರಾಧನೆ, ಅಂದ್ರೆ ನಾವು ಜಪಾನಿಗಳಲ್ಲ, ಬೇರೆ ಜನ ಅಂತ ಹೇಳಿದ ಹಾಗೇ ಆಯ್ತಲ್ಲ! ಜಪಾನಿ ಆಡಳಿತದ 1915ರ ಕಾನೂನು ಶಿಂಟೋ (ಜಪಾನಿನ ಧರ್ಮ), ಬೌದ್ಧ, ಕ್ರೈಸ್ತ ಇಷ್ಟನ್ನೇ ಧರ್ಮ ಅಂತ ಒಪ್ಕೊಂಡಿತು, ಉಳಿದವನ್ನ ಪೊಲೀಸರ ನಿಗಾಕ್ಕೆ ಬಿಟ್ಟಿತು. ಮರುವರ್ಷ ನಾ ಚೊಲ್ ಪ್ರಾಣ ಬಿಟ್ಟರು, ಅನುಯಾಯಿಗಳು ಗಡಿಯಾಚೆ ಚೀನಾದ ಮಂಚೂರಿಯಾದಲ್ಲಿ ನೆಲೆ ಕಂಡುಕೊಂಡ್ರು. ಅಲ್ಲೇ ನಡೆದ 1920ರ ಚೊಂಗ್‌ಸಾನ್‌ರಿ ಕದನದಲ್ಲಿ ಜಪಾನಿ ಸೈನ್ಯದ ಎದುರು ನಿಂತ ಪಡೆಗಳಲ್ಲಿ ಒಂದು ಸೊ ಇಲ್ ಅನ್ನೋ ಡೇಜೊಂಗ್‌ಗ್ಯೋ ಮುಖಂಡರದ್ದು.

ಹಾಗಂತ ಇವರೆಲ್ಲ ಕೊನೆವರೆಗೂ ಬಗ್ಗಲೇ ಇಲ್ಲ ಅನ್ನೋಕಾಗಲ್ಲ. 1930ರ ದಶಕದಲ್ಲಿ, 1919ರಲ್ಲಿ ಸಹಿ ಹಾಕಿದವರಲ್ಲೇ ಕೆಲವರು ಜಪಾನ್ ಪರ ಮಾತಾಡಿದ್ರು, ಅದೇ ಹೊತ್ತಿಗೆ ಮಂಚೂರಿಯಾದಲ್ಲಿದ್ದ ಡೇಜೊಂಗ್‌ಗ್ಯೋದವರು ಹಿಡಿದ ದಾರಿ ಬಿಡ್ಲಿಲ್ಲ, 1942ರಲ್ಲಿ ಮುಖಂಡರನ್ನ ಸಾಮೂಹಿಕವಾಗಿ ಬಂಧಿಸಿದಾಗ ಅವರಲ್ಲಿ 10 ಜನ ಪ್ರಾಣ ಕಳ್ಕೊಂಡ್ರು.