ಸಿರುಗುಪ್ಪದ ಹಕ್ಕಿ, ಲಂಡನ್ನಿನ ಕುಂಚ

ಹಳೇ ಕಾಲದ ಹಕ್ಕಿ ಚಿತ್ರಗಳಿಗೆ ಫ್ರೇಮ್ ಹಾಕಿಸುವವರು ಈಗ ಜಾಸ್ತಿ. ‘ಕ್ಯಾಮೆರಾ ಇಲ್ಲದ ಕಾಲದಲ್ಲೂ ಎಷ್ಟು ನಿಖರ ನೋಡಿ’ ಎನ್ನುತ್ತಾರೆ. ಗರಿಯ ಮಟ್ಟಿಗೆ ಒಪ್ಪುತ್ತೇನೆ. ಹಕ್ಕಿಯ ಮಟ್ಟಿಗೆ ನನಗೆ ಅನುಮಾನ.

ನಮ್ಮ ಎರೆಭೂತವನ್ನೇ (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ತಗೊಳ್ಳಿ. ಕರ್ನಾಟಕದಲ್ಲಿ ಇದರ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಬಯಲು. ಕಾಲುವೆ ನೀರು ಬಂದು ಒಣ ಹೊಲಗಳು ಗದ್ದೆಗಳಾದ ಮೇಲೆ ಅಲ್ಲೂ ಅಪರೂಪ. ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋವರೆಗೂ ತೂಗುತ್ತದೆ. 1830ರ ದಶಕದ ಆರಂಭದಲ್ಲಿ ಇಂಗ್ಲಿಷ್ ಪಕ್ಷಿತಜ್ಞ ಜಾನ್ ಗೌಲ್ಡ್ ಲಂಡನ್ನಿನಲ್ಲಿ ಹೊರತಂದ ಚಿತ್ರಸಂಪುಟದಲ್ಲಿ ಇದಕ್ಕೂ ಒಂದು ಪುಟ ಸಿಕ್ಕಿತು. ಸಂಪುಟ ಯಾವುದರ ಮೇಲೆ ಗೊತ್ತಾ? ಹಿಮಾಲಯ ಪರ್ವತದ ಹಕ್ಕಿಗಳ ಮೇಲೆ! ಬಯಲಲ್ಲಿ ಮಿಡತೆ ಹೆಕ್ಕುವ ಹಕ್ಕಿಗೆ ಹಿಮಾಲಯದ ವಿಳಾಸ. ಚಿತ್ರಗಳನ್ನು ಕಲ್ಲಚ್ಚಿಗೆ (ಲಿಥೋಗ್ರಫಿ) ಇಳಿಸಿದ್ದು ಗೌಲ್ಡ್ ಹೆಂಡತಿ ಎಲಿಜಬೆತ್. ಆಕೆ ಭಾರತ ಕಂಡವಳಲ್ಲ. ಆಕೆಯ ಮುಂದಿದ್ದದ್ದು ಒಣಗಿದ ಚರ್ಮಗಳು.

ಆಗಿನ ಪದ್ಧತಿಯೇ ಅದು. ಕೊಂದ ಹಕ್ಕಿಯ ಮಾಂಸ ತೆಗೆದು, ಪಾಷಾಣದ (ಆರ್ಸೆನಿಕ್ ವಿಷದ) ಸೋಪು ಸವರಿ, ಒಳಗೆ ಹತ್ತಿ ತುರುಕಿ ಹಡಗು ಹತ್ತಿಸುತ್ತಿದ್ದರು. ಗರಿಯ ಕಪ್ಪು, ಕಂದು ಬಣ್ಣ ವರ್ಣದ್ರವ್ಯವಾದ ಮೆಲನಿನ್‌ನದು, ಬೇಗ ಮಾಸುವುದಿಲ್ಲ. ಹಾಗಾಗಿ ನೆತ್ತಿಯ ಕಪ್ಪು ಚಿತ್ರದಲ್ಲಿ ಸರಿಯಾಗಿಯೇ ಬರುತ್ತದೆ. ಆದರೆ ಕಣ್ಣು ಇರುವುದಿಲ್ಲ. ಕಾಲು, ಕೊಕ್ಕಿನ ಬಣ್ಣ ಒಣಗುತ್ತಾ ಕೆಡುತ್ತದೆ. ಗಂಡು ಎರೆಭೂತದ ನಿಜವಾದ ದರ್ಬಾರು ಇರುವುದೇ ಗಂಟಲ ಚೀಲದಲ್ಲಿ. ಅದರ ಬಾಯಿ ನಾಲಿಗೆಯ ಕೆಳಗಿದೆ. ಹೆಣ್ಣನ್ನು ಕರೆಯುವಾಗ ಗಂಡು ಅದಕ್ಕೆ ಗಾಳಿ ತುಂಬಿಕೊಳ್ಳುತ್ತದೆ. ಚೀಲ ಕಮ್ಮಾರನ ತಿದಿಯ ಹಾಗೆ ಉಬ್ಬಿ ಎದೆಯ ಮುಂದೆ ಜೋಲುತ್ತದೆ. ಬಾಲ ಬೆನ್ನಿನ ಮೇಲೆ ಬರುತ್ತದೆ, ರೆಕ್ಕೆ ಇಳಿಬೀಳುತ್ತವೆ. ‘ಗುಂ’ ಎನ್ನುವ ದನಿ ಅರ್ಧ ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಸುರುಟಿಕೊಂಡ ಚರ್ಮ ನೋಡಿ ಇದನ್ನೆಲ್ಲ ಯಾರಾದರೂ ಹೇಗೆ ಊಹಿಸಬೇಕು?

ಒಣ ಚರ್ಮ ಇದಕ್ಕಿಂತ ದೊಡ್ಡ ಅವಾಂತರವನ್ನೂ ಮಾಡಿದೆ. 1522ರಲ್ಲಿ ಮೆಗಲನ್ ತಂಡದ ಹಡಗು ಸ್ಪೇನ್‌ಗೆ ಮರಳಿದಾಗ ಸ್ವರ್ಗದ ಹಕ್ಕಿಗಳ ಚರ್ಮ ತಂದಿತ್ತು. ನ್ಯೂಗಿನಿಯ ಕಡೆ ಇವುಗಳ ಕಾಲು ತೆಗೆದು ಒಣಗಿಸುತ್ತಿದ್ದರು, ಅಷ್ಟೇ. ಯುರೋಪಿನ ಪಂಡಿತರು ಮಾತ್ರ ಈ ಹಕ್ಕಿಗೆ ಕಾಲೇ ಇಲ್ಲ, ಇಬ್ಬನಿ ಕುಡಿದು ಸದಾ ಆಕಾಶದಲ್ಲೇ ತೇಲುತ್ತದೆ ಎಂದು ನಂಬಿದರು. 1555ರಲ್ಲಿ ಸ್ವಿಸ್ ಪಂಡಿತ ಗೆಸ್ನರ್ ತನ್ನ ಪ್ರಾಣಿಕೋಶದಲ್ಲಿ ಕಾಲಿಲ್ಲದ ಹಕ್ಕಿಯನ್ನೇ ಅಚ್ಚು ಹಾಕಿಸಿದ. ಹಾಲಕ್ಕಿ ನುಡಿದರೆ ಶಕುನ ನೋಡುವ ನಮ್ಮೂರ ಹಿರಿಯರನ್ನು ಕಂಡು ನಗುವ ಮೊದಲು ಇದೂ ನೆನಪಿರಲಿ, ಅಲ್ವಾ?

ಒಣ ಚರ್ಮ ನೋಡಿ ಬರೆದವರಿಗಲ್ಲ, ನನ್ನ ಓಟು ಜಹಾಂಗೀರನ ಚಿತ್ರಕಾರ ಉಸ್ತಾದ್ ಮನ್ಸೂರ್‌ಗೆ. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿ ಬಂದಾಗ ಆ ದೊರೆ ಸುಮ್ನೆ ವರ್ಣನೆ ಬರೆದು ಬಿಡಲಿಲ್ಲ, ಚಿತ್ರವನ್ನೂ ಬರೆಸಿದ. ಮಾರಿಷಸ್ ದ್ವೀಪದ ಹಾರಲಾರದ ಹಕ್ಕಿ ಡೋಡೋದ ಸುಮಾರು 1625ರ ಒಂದು ಚಿತ್ರವೂ ಮನ್ಸೂರನದೇ ಎನ್ನುತ್ತಾರೆ. ಬದುಕಿದ್ದ ಹಕ್ಕಿಯನ್ನು ನೋಡಿಯೇ ಬರೆದಂತಿದೆ. ಆ ಕಾಲಕ್ಕೆ ಸೂರತ್‌ನಲ್ಲಿ ಎರಡು ಡೋಡೋ ಕಂಡೆ ಎಂದು ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಬರೆದಿಟ್ಟಿದ್ದಾನೆ. 17ನೇ ಶತಮಾನ ಮುಗಿಯುವುದರೊಳಗೆ ಡೋಡೋ ಅಳಿಯಿತು. ಅದರ ಬಣ್ಣ ಹೇಗಿತ್ತು ಎಂದು ಜಗಳವಾದಾಗ ತಜ್ಞರು ಇವತ್ತಿಗೂ ಈ ಚಿತ್ರವನ್ನು ತೆಗೆದು ನೋಡುತ್ತಾರೆ.