ಕೀಲಿನ ಮೇಲಿನ ಭಾರ ಎಲ್ಲಿಗೆ ಇಳಿಯುತ್ತದೆ?

ಟ್ರಾಮ್ ಬಂಡಿಯನ್ನು ಉದ್ದ ಮಾಡುವುದು ಕಷ್ಟವಲ್ಲ. ಆ ಉದ್ದವನ್ನು ತಿರುವಿನಲ್ಲಿ ದಾಟಿಸುವುದು ಕಷ್ಟ. ಒಂದೇ ಪೆಟ್ಟಿಗೆಯಂತಿರುವ ಬಂಡಿ ತಿರುವಿಗೆ ಹೊರಳಿದಾಗ ಅದರ ನಡುಭಾಗ ಹಳಿಯ ಒಳಮಗ್ಗುಲಿಗೂ ತುದಿಗಳು ಹೊರಮಗ್ಗುಲಿಗೂ ಚಾಚಿಕೊಳ್ಳುತ್ತವೆ. ಉದ್ದ ಹೆಚ್ಚಿದಂತೆ ಈ ಚಾಚೂ ಹೆಚ್ಚಿ, ಪಕ್ಕದ ಹಳಿಯಲ್ಲಿ ಎದುರಾಗುವ ಬಂಡಿಗೆ ತಗಲುವಷ್ಟಾಗುತ್ತದೆ. ಅದಕ್ಕಾಗಿಯೇ ಬಂಡಿಯನ್ನು ನಡುವೆ ಬೇರ್ಪಡಿಸಿ ಕೀಲಿನಿಂದ ಜೋಡಿಸಿದ ಆರ್ಟಿಕ್ಯುಲೇಟೆಡ್ ಟ್ರಾಮ್ ಹುಟ್ಟಿತು. 1912ರ ಸುಮಾರಿಗೆ ಅಮೆರಿಕದ ಬಾಸ್ಟನ್ನಿನಲ್ಲಿ ಎರಡು ಹಳೆಯ ಪುಟ್ಟ ಟ್ರಾಮ್‌ಗಳ ನಡುವೆ ಚಕ್ರವಿಲ್ಲದ ಒಂದು ಕೋಣೆಯನ್ನು ತೂಗುಹಾಕಿ ಓಡಿಸಿದರು. ಜನ ಅದನ್ನು 'ಎರಡು ಕೋಣೆ, ಒಂದು ಬಚ್ಚಲುಮನೆ' ಎಂದು ಕರೆದರು.

ಇಂತಹ ಬಂಡಿಯ ನಕ್ಷೆಯನ್ನು ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೀಲಿನ ಮೇಲೆ ಬೀಳುವ ಭಾರ ಎಲ್ಲಿಗೆ ಇಳಿಯುತ್ತದೆ?

ಪ್ರಾಗ್‌ನ ಚೆಕಾಡೆ (ČKD) ಟಾಟ್ರಾ ಕಾರ್ಖಾನೆ 1960ರ ದಶಕದ ನಡುವಿನಲ್ಲಿ ತಯಾರಿಸಿದ ಕೆ1 ಎಂಬ ಪ್ರಾಯೋಗಿಕ ಟ್ರಾಮ್ ಈ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟಿತ್ತು. ಸುಮಾರು 14 ಮೀಟರ್ ಉದ್ದದ, ಎರಡು ಬೋಗಿಗಳ (ಇಲ್ಲಿ ಬೋಗಿ ಎಂದರೆ ಡಬ್ಬಿಯಲ್ಲ, ಒಡಲಿನ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಅದೇ ಕಾರ್ಖಾನೆಯ ಟಿ3 ಟ್ರಾಮ್ ಆ ವೇಳೆಗಾಗಲೇ ರಸ್ತೆಯಲ್ಲಿತ್ತು. ಎರಡು ಟಿ3ಗಳನ್ನು ಜೋಡಿಸಿ ಓಡಿಸಿದರೆ ಮೋಟಾರು, ನಿಯಂತ್ರಣ ಸಾಧನ ಎಲ್ಲವೂ ಎರಡರಷ್ಟಾಗುತ್ತವೆ, ಪ್ರಯಾಣಿಕರೂ ಒಂದು ಬಂಡಿಯಿಂದ ಇನ್ನೊಂದಕ್ಕೆ ಹೋಗಲಾರರು. ಕೆ1ರಲ್ಲಿ ಎರಡು ಭಾಗಗಳು ಕೂಡುವ ಜಾಗದ ಕೆಳಗೇ ಮೂರನೆಯ ಬೋಗಿಯನ್ನು ಇಟ್ಟರು. ಕೀಲಿನ ಭಾರ ನೇರವಾಗಿ ಆ ಬೋಗಿಗೆ, ಅಲ್ಲಿಂದ ಹಳಿಗೆ ಇಳಿಯುವ ಈ ಏರ್ಪಾಡು ನೋಡಲು ಸಾಧಾರಣವೆನಿಸಿದರೂ, ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ರಚನೆ ಇನ್ನೊಂದಿಲ್ಲ.

ಆದರೆ ಅದೇ ಬಂಡಿಯಲ್ಲಿ ವಿದ್ಯುತ್ ನಿಯಂತ್ರಣವನ್ನೂ ಹೊಸದಾಗಿ ಮಾಡಿದ್ದರು. ಟಿ3ರಲ್ಲಿದ್ದುದು ಅಮೆರಿಕದ ಪಿಸಿಸಿ ಎಂಬ ಮಾದರಿಯ ಟ್ರಾಮ್‌ಗಳಿಂದ ಬಂದ ಆಕ್ಸೆಲರೇಟರ್; ವೃತ್ತಾಕಾರದಲ್ಲಿ ಜೋಡಿಸಿದ ಸಂಪರ್ಕಗಳ ಮೇಲೆ ತೋಳು ತಿರುಗುತ್ತ, ಮೋಟಾರಿಗೆ ಹೋಗುವ ವಿದ್ಯುತ್ತನ್ನು ತಡೆಯುವ ರೋಧವನ್ನು ಹಂತಹಂತವಾಗಿ ಕಳೆಯುತ್ತದೆ. ಕೆ1ರಲ್ಲಿ ಅದರ ಬದಲು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಸ್ವಿಚ್ಚುಗಳನ್ನು ಬಳಸಿದರು. ಅವು ನಂಬಿಕೆಗೆ ಅರ್ಹವಾಗಲಿಲ್ಲ; ಎರಡೇ ಮಾದರಿಗಳಿಗೆ ಕೆ1 ನಿಂತಿತು. ಕೀಲನ್ನು ಉಳಿಸಿಕೊಂಡು, ಟಿ3ರ ಪಳಗಿದ ಆಕ್ಸೆಲರೇಟರನ್ನೇ ಮರಳಿ ತಂದಾಗ ಕೆ2 ಸಿದ್ಧವಾಯಿತು. ಅದರಲ್ಲಿ ಮೋಟಾರುಗಳು ತುದಿಯ ಎರಡು ಬೋಗಿಗಳಲ್ಲಷ್ಟೇ ಇದ್ದವು. ಐನೂರಕ್ಕೂ ಹೆಚ್ಚು ಕೆ2ಗಳು ತಯಾರಾಗಿ ಬರ್ನೋ, ಬ್ರಾಟಿಸ್ಲಾವಾ, ಸರಾಯೆವೊ ಮೊದಲಾದ ನಗರಗಳಲ್ಲಿ ಓಡಿದವು. ಕೀಲು, ನಿಯಂತ್ರಣ ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ, ಒಂದರ ದೋಷಕ್ಕೆ ಮತ್ತೊಂದೂ ಕಾಯಬೇಕಾಯಿತು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ತಳಭಾಗ ತಗ್ಗಿರಬೇಕೆಂಬ ಬೇಡಿಕೆ ಬಂದ ಮೇಲೆ ಕೀಲಿನ ಕೆಳಗೆ ಬೋಗಿಗೆ ಜಾಗ ಸಿಗುವುದು ಕಠಿಣವಾಯಿತು. ಬಾಸ್ಟನ್ನಿನ ತೂಗುಕೋಣೆ ಬೇರೆ ರೂಪದಲ್ಲಿ ಮರಳಿತು: ಚಕ್ರವಿರುವ ಚಿಕ್ಕ ಭಾಗಗಳ ನಡುವೆ ಚಕ್ರವಿಲ್ಲದ ಉದ್ದ ಭಾಗಗಳು. ಇಲ್ಲಿ ಕೀಲು ಭಾರ ಹೊರುವುದಷ್ಟೇ ಅಲ್ಲ, ತಿರುಚುವ ಬಲವನ್ನೂ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುತ್ತದೆ. 2004ರಲ್ಲಿ ಸೀಮೆನ್ಸ್‌ನ ಕಾಂಬಿನೋ ಟ್ರಾಮ್‌ಗಳ ಅಲ್ಯೂಮಿನಿಯಂ ಒಡಲಿನಲ್ಲಿ ಬಿರುಕು ಕಂಡು, 1,20,000 ಕಿಲೋಮೀಟರಿಗಿಂತ ಹೆಚ್ಚು ಓಡಿದ ಬಂಡಿಗಳನ್ನು ನಿಲ್ಲಿಸುವಂತೆ ಸ್ವತಃ ಕಂಪನಿಯೇ ಸೂಚಿಸಿತು. ಒಂದರ ಬೆನ್ನಿಗೊಂದು ಎಡಕ್ಕೂ ಬಲಕ್ಕೂ ಹೊರಳುವ ತಿರುವುಗಳಲ್ಲಿ ಲೆಕ್ಕಕ್ಕಿಂತ ಹೆಚ್ಚಿನ ತಿರುಚುಬಲ ಒಡಲಿನ ಮೇಲೆ ಬಿದ್ದಿತ್ತು.

ಆದ್ದರಿಂದ ಪ್ರಾಯೋಗಿಕ ಬಂಡಿಯನ್ನು ಒಳ್ಳೆಯ ಹಳಿಯ ಮೇಲೆ ಓಡಿಸಿ ತೃಪ್ತಿಪಡುವುದು ಸಲ್ಲದು. ಅತಿ ಇಕ್ಕಟ್ಟಿನ ಜೋಡಿ ತಿರುವಿನಲ್ಲಿ ದಿನವಿಡೀ ಓಡಿಸಿದ ಬಳಿಕ ನಾನು ಡಿಪೋದ ಪಿಟ್‌ಗೆ ಇಳಿದು, ಕೀಲಿನಡಿ ಹಾದುಹೋಗುವ ಕೇಬಲ್‌ಗಳನ್ನು ಟಾರ್ಚ್ ಬೆಳಕಿನಲ್ಲಿ ಒಂದೊಂದಾಗಿ ನೋಡುತ್ತೇನೆ. ಎಲ್ಲಾದರೂ ಹೊರಕವಚ ಉಜ್ಜಿ ಹೊಳಪೇರಿದ್ದರೆ, ಕೀಲು ನಕ್ಷೆಯಲ್ಲಿ ಬರೆದುದಕ್ಕಿಂತ ಹೆಚ್ಚು ಹೊರಳಿದೆ ಎಂದರ್ಥ. ಮೇಲೆ, ಎರಡು ಭಾಗಗಳ ನಡುವಿನ ಸಂದನ್ನು ಮುಚ್ಚುವ ತಿದಿಯ ಮಡಿಕೆಗಳಲ್ಲಿ ಒಂದೇ ಬದಿ ಸವೆದಿದ್ದರೆ ಎರಡು ಭಾಗಗಳು ಒಂದೇ ನೇರದಲ್ಲಿಲ್ಲ. ಹೊಳೆಯುವ ಆ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಮರುದಿನ ಮತ್ತೆ ಅದೇ ತಿರುವಿಗೆ ಬಂಡಿಯನ್ನು ಕಳುಹಿಸುತ್ತೇವೆ.