ಬೀಗ ಹೋಯಿತು, ಎಣಿಕೆ ಉಳಿಯಿತು

10 ಗಿಗಾಬಿಟ್ ಜಾಲದಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು (ದತ್ತಾಂಶದ ತುಣುಕುಗಳು) ಬೆನ್ನುಬೆನ್ನಿಗೆ ಬಂದರೆ ಒಂದೊಂದಕ್ಕೂ ಸಿಗುವ ಕಾಲ 67.2 ನ್ಯಾನೊಸೆಕೆಂಡು. ಅಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರ್ ಸುಮಾರು 200 ಬಾರಿ ಮಿಡಿಯುತ್ತದೆ. ‘ಕೋರ್‌ಗಳನ್ನು ಹೆಚ್ಚಿಸಿದರಾಯಿತು’ (ಪ್ರೊಸೆಸರಿನೊಳಗಿನ ಕೆಲಸದ ಘಟಕಗಳನ್ನು) ಎನ್ನುವ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಒಂದು ಮಾಹಿತಿಯನ್ನು ಒಮ್ಮೆಗೆ ಒಂದೇ ಕೋರ್ ಮುಟ್ಟುವಂತೆ ಕಾಯುವುದು ‘ಬೀಗ’; ಎಲ್ಲ ಕೋರ್‌ಗಳೂ ಒಂದೇ ಬೀಗಕ್ಕೆ ಕೈಚಾಚಿದರೆ ನಡೆಯುವುದು ಒಂದರ ಕೆಲಸ ಮಾತ್ರ.

1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸೇವಾ ಸಂಸ್ಥೆಯ ಮೇಲೆ ‘ಸಿನ್’ ಪ್ಯಾಕೆಟ್‌ಗಳ ಪ್ರವಾಹ ನುಗ್ಗಿತು. ಬಾಗಿಲು ತಟ್ಟಿ ಓಡಿಹೋಗುವವರ ಹಾಗೆ, ಸಂಪರ್ಕ ಕೇಳಿ ಮತ್ತೆ ಸುದ್ದಿಯೇ ಇಲ್ಲದ ಕೋರಿಕೆಗಳು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಅಂಥ ಪ್ರತಿಯೊಂದು ತಟ್ಟುವಿಕೆಯೂ ಆಲಿಸುವ ಸಾಕೆಟ್‌ನ (ಹೊಸ ಸಂಪರ್ಕಗಳಿಗೆ ಕಾದಿರುವ ಬಾಗಿಲಿನ) ಒಂದೇ ಬೀಗವನ್ನು ಹಿಡಿಯಬೇಕಿತ್ತು. 2016ರ ಜನವರಿಯಲ್ಲಿ ಬಂದ 4.4ನೇ ಆವೃತ್ತಿಯಲ್ಲಿ ಲಿನಕ್ಸ್ ಅಭಿವೃದ್ಧಿಗಾರ ಎರಿಕ್ ಡ್ಯುಮಾಜೆ ಆ ಬೀಗವನ್ನು ದಾರಿಯಿಂದ ತೆಗೆದರು. ಅರೆಬರೆ ಸಂಪರ್ಕಗಳು ಎಲ್ಲ ಸಂಪರ್ಕಗಳಿಗೂ ಸೇರಿದ ದೊಡ್ಡ ಕೋಷ್ಟಕಕ್ಕೆ ಹೋದವು. ಅಲ್ಲಿ ಬೀಗಗಳು ಹಲವು.

ಆದರೂ ಒಂದು ಎಣಿಕೆ ಉಳಿದಿತ್ತು. ಸಾಕೆಟ್ ಬಳಕೆಯಲ್ಲಿದೆ ಎಂದು ತಿಳಿಸಲು ಪ್ರತಿ ಕೋರ್ ಬಂದಾಗ ಒಂದು ಕೂಡಿಸಿ, ಹೋಗುವಾಗ ಒಂದು ಕಳೆಯುತ್ತಿತ್ತು. ಹತ್ತು ಬಾಗಿಲುಗಳಿರುವ ಕಚೇರಿಯಲ್ಲಿ ಹಾಜರಿ ಪುಸ್ತಕ ಒಂದೇ ಇದ್ದಂತೆ! ಓದುವುದಾದರೆ ಪ್ರತಿ ಕೋರ್ ತನ್ನ ಕ್ಯಾಶ್‌ನಲ್ಲಿ, ಅಂದರೆ ಪಕ್ಕದಲ್ಲೇ ಇರುವ ಪುಟ್ಟ ಸ್ಮೃತಿಯಲ್ಲಿ, ನಕಲು ಇಟ್ಟುಕೊಳ್ಳಬಹುದು. ಒಂದು ಕೋರ್ ಒಂದಂಕಿ ತಿದ್ದಿತೋ, ಅದು ಇರುವ 64 ಬೈಟ್‌ಗಳ ಕ್ಯಾಶ್ ಸಾಲಿನ ಉಳಿದೆಲ್ಲ ನಕಲುಗಳೂ ರದ್ದು. ಮುಂದಿನ ಕೋರ್ ಅದನ್ನು ಮತ್ತೆ ತರಿಸಿಕೊಳ್ಳಬೇಕು. ಬೀಗ ಹಾಕುವುದೂ ಇಂಥದೇ ಒಂದು ತಿದ್ದುವಿಕೆ. ಅದಕ್ಕೇ ಬೀಗ ತೆಗೆದರೂ ನೂಕುನುಗ್ಗಲು ಪೂರ್ತಿ ಕರಗಲಿಲ್ಲ.

ಅದೇ ವರ್ಷದ 4.7ನೇ ಆವೃತ್ತಿ ಎಣಿಕೆಯನ್ನೂ ಬಿಟ್ಟು ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ತಂತ್ರವನ್ನು ನೆಚ್ಚಿತು. ಪಾಲ್ ಮೆಕೆನ್ನಿ ಮತ್ತು ಸಂಗಡಿಗರು ಬೆಳೆಸಿದ ಈ ತಂತ್ರ 2002ರಲ್ಲೇ ಲಿನಕ್ಸ್ ಸೇರಿತ್ತು. ಮದುವೆ ಊಟದ ಪಂಕ್ತಿಯನ್ನು ನೆನೆಯಿರಿ: ಉಣ್ಣುವವರು ಸಾಕೆಟ್ ಓದುವ ಕೋರ್‌ಗಳು, ಎಲೆ ಆ ಸಾಕೆಟ್‌ನ ಸ್ಮೃತಿ. ಉಣ್ಣುವವರ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ, ಆದರೆ ಕೊನೆಯವರು ಏಳುವ ತನಕ ಎಲೆ ಎತ್ತುವುದೂ ಇಲ್ಲ. ತಡವಾಗಿ ಬಂದವರು ಮುಂದಿನ ಪಂಕ್ತಿಗೆ, ಅವರಿಗಾಗಿ ಕಾಯಬೇಕಿಲ್ಲ.

ಹೆಸರು ಬರೆಯದೆ, ಎಲ್ಲರೂ ಎದ್ದರೆಂದು ತಿಳಿಯುವುದು ಹೇಗೆ? ಇಡೀ ತಂತ್ರದಲ್ಲಿ ನನಗೆ ಅತಿ ಪ್ರಿಯವಾದ ಭಾಗವೇ ಇದು. ಈ ತಂತ್ರದ ಮೂಲ ರೂಪದಲ್ಲಿ ಓದುವ ನಡುವೆ ಕೋರ್ ಬೇರೆ ಕೆಲಸಕ್ಕೆ ಹೊರಳುವಂತಿಲ್ಲ. ಹಾಗಾಗಿ ಒಮ್ಮೆ ಹೊರಳಿತೆಂದರೆ ಅದು ಉಂಡು ಎದ್ದಿದೆ ಎಂದೇ ಲೆಕ್ಕ. ಪ್ರತಿ ಕೋರ್ ಹೀಗೆ ಒಮ್ಮೆ ಹೊರಳಿದ ಮೇಲೆ, ಮುಚ್ಚಿದ ಸಾಕೆಟ್‌ನ ಸ್ಮೃತಿಯನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ನಿರಾತಂಕವಾಗಿ ಹಿಂಪಡೆಯುತ್ತದೆ.